ಕಿತೇರಿಯಾಳ ಬಕೆಟ್ಟು ಮತ್ತು ಮೂರನೆಯ ಸಂಪುಟ

ನಮ್ಮ ಬೆಟ್ಟದ ಊರು ಫೊಂತೇಲ್ಯಾದಲ್ಲಿ ಎರವಲು ತಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವವರು ಎರಡೇ ಬಗೆಯವರು. ಒಬ್ಬರು ಜಗಳಕ್ಕೆ ನಿಂತವರು, ಇನ್ನೊಬ್ಬರು ತಲೆ ಕೆಟ್ಟವರು. ಜರಡಿ ತಂದಿದ್ದರೂ ಸರಿಯೇ, ಕೊಡುವಾಗ ಅದರಲ್ಲಿ ನಾಲ್ಕು ಚೆಸ್ಟ್‌ನಟ್ ಆದರೂ ಇರಬೇಕು. ಬರಿದಾಗಿ ಕೊಟ್ಟರೆ, ಇನ್ನು ನಿಮ್ಮ ಹೊಸಿಲು ತುಳಿಯುವುದಿಲ್ಲ, ನೀವೂ ನಮ್ಮದನ್ನು ತುಳಿಯಬೇಡಿ ಎಂದು ಹೇಳಿದ ಹಾಗೆ. ಕಿತೇರಿಯಾಳ ಅತ್ತೆ ಹೀಗೆ ಒಂದು ಬಾಣಲೆ ಬರಿದಾಗಿ ಬಂತೆಂದು ಎದುರು ಮನೆಯವರ ಜೊತೆ ಮಾತು ಬಿಟ್ಟಳು. ಬಾಣಲೆಯಲ್ಲಿಟ್ಟಿದ್ದ ಸಾಸೇಜನ್ನು ದಾರಿಯಲ್ಲಿ ನಾಯಿ ಎಗರಿಸಿತ್ತೆಂದು ಎಷ್ಟೋ ವರ್ಷದ ಮೇಲೆ ತಿಳಿಯಿತು. ತಿಳಿದ ಮೇಲೂ ಮಾತಾಡಲಿಲ್ಲ. ಅಷ್ಟು ವರ್ಷ ಜೋಪಾನ ಮಾಡಿದ ಮೌನವನ್ನು ಒಂದು ನಾಯಿಗೋಸ್ಕರ ಹಾಳು ಮಾಡುವುದು ಅವಳಿಗೆ ಸರಿ ಕಾಣಲಿಲ್ಲ.

ಇಂಥ ಊರಿಗೆ ಲಿಸ್ಬನ್ನಿನ ಗ್ರಂಥಾಲಯದವರು ಪುಸ್ತಕದ ವ್ಯಾನು ಕಳಿಸಿದರು. ಊರಿಗೆ ಇನ್ನೂ ಕರೆಂಟು ಬಂದಿರದ ಕಾಲ ಅದು. ಗಂಡಸರಲ್ಲಿ ಅರ್ಧ ಜನ ಕದ್ದು ಗಡಿ ದಾಟಿ ಫ್ರಾನ್ಸಿನಲ್ಲಿ ಗಾರೆ ಕಲಸುತ್ತಿದ್ದರು. ಪುಸ್ತಕ ಅಂತ ಊರಿನಲ್ಲಿ ಇದ್ದದ್ದು ಪಾದ್ರಿಗಳ ಬೀರುವಿನಲ್ಲಿ. ಆ ಬೀರುವಿಗೆ ಬೀಗ, ಬೀಗದ ಕೈ ಪಾದ್ರಿಗಳ ಸೊಂಟದಲ್ಲಿ, ಪಾದ್ರಿಗಳಿಗೋ ನಿದ್ದೆ ಹೆಚ್ಚು. ಹಾಗಾಗಿ ಬೂದು ಬಣ್ಣದ ವ್ಯಾನು ಏದುಸಿರು ಬಿಡುತ್ತಾ ಏರಿ ಬಂದು, ಎಲ್ಲ ಮನೆಯವರೂ ರೊಟ್ಟಿ ಸುಡುವ ಊರ ಒಲೆಯ ಮುಂದೆ ನಿಂತು, ಅದರ ಪಕ್ಕೆಯ ಬಾಗಿಲು ರೆಕ್ಕೆಯಂತೆ ಮೇಲೆದ್ದು, ಒಳಗೆ ಸಾಲು ಸಾಲು ಪುಸ್ತಕ ಕಂಡಾಗ, ಜನ ಮೊದಲು ನೋಡಿದ್ದು ಬೀಗ ಎಲ್ಲಿದೆ ಎಂದು. ಬೀಗವೇ ಇರಲಿಲ್ಲ.

ವ್ಯಾನಿನಿಂದ ಇಳಿದವನು ಎವರಿಸ್ತು. ಓಡಿಸುವವನೂ ಅವನೇ, ಪುಸ್ತಕ ಕೊಡುವವನೂ ಅವನೇ. ಕುಳ್ಳು ಆಳು, ಕುತ್ತಿಗೆಗೆ ಉಣ್ಣೆಯ ವಸ್ತ್ರ, ಜೇಬಿನಲ್ಲಿ ಯಾವಾಗಲೂ ಒಂದು ಮೆತ್ತನೆಯ ಬಟ್ಟೆ. ಮಾತಿನ ನಡುವೆ ಪುಸ್ತಕದ ಮೈ ಒರೆಸುತ್ತಿರುವುದು ಅವನ ಅಭ್ಯಾಸ.

"ಬನ್ನಿ, ಮುಟ್ಟಿ ನೋಡಿ" ಎಂದ. "ಬೇಕಾದ್ದು ತಗೊಳ್ಳಿ. ಮುಂದಿನ ತಿಂಗಳು ಬರ್ತೀನಿ, ಆಗ ವಾಪಸ್ ಕೊಡಿ, ಬೇರೆ ತಗೊಳ್ಳಿ."

"ದುಡ್ಡು?" ಎಂದಳು ಗ್ರಸಿಂದಾ ಅಜ್ಜಿ. ಊರಿನಲ್ಲೇ ಹಿರಿಯಳು, ಒಲೆಯ ಪಕ್ಕದ ಬಿಸಿ ಕಲ್ಲಿನ ಮೇಲೆ ಅವಳದೇ ಜಾಗ.

"ದುಡ್ಡಿಲ್ಲ ಅಜ್ಜಿ."

"ಹಂಗಾದ್ರೆ ಏನೋ ಮೋಸ ಇದೆ" ಎಂದು ಅಜ್ಜಿ ಒಂದು ದಪ್ಪ ಪುಸ್ತಕ ಎತ್ತಿ ಸೆರಗಿನಂಥ ಶಾಲಿನೊಳಗೆ ಸೇರಿಸಿಕೊಂಡಳು. ಮೋಸವಾದರೆ ದೊಡ್ಡದೇ ಆಗಲಿ ಅಂತ ಇರಬೇಕು.

ಮನೆಬಾಗಿಲಿಗೆ ಬಂದದ್ದನ್ನು ಬೇಡ ಎನ್ನುವುದು ನಮ್ಮ ಕಡೆ ಮರ್ಯಾದೆಯಲ್ಲ. ಓದು ಬರುವವರೂ ತೆಗೆದುಕೊಂಡರು, ಬಾರದವರೂ ತೆಗೆದುಕೊಂಡರು. ಕಿತೇರಿಯಾ ಕೈಗೆ ಬಂದದ್ದು ಪ್ರಾಣಿಗಳ ಚಿತ್ರವಿರುವ ಮಕ್ಕಳ ಪುಸ್ತಕ. ಊರ ಒಲೆ ನೋಡಿಕೊಳ್ಳುವವಳು ಅವಳೇ. ಯಾರ ಮನೆಯ ರೈ ಹಿಟ್ಟಿನ ರೊಟ್ಟಿ ಯಾವಾಗ ಒಳಗೆ ಹೋಗಬೇಕು, ಯಾವಾಗ ಹೊರಗೆ ಬರಬೇಕು ಎಂಬುದು ಅವಳ ಮೂಗಿಗೆ ಗೊತ್ತು. ಗಂಡ ಸತ್ತ ವಾರವೂ ಒಂದು ರೊಟ್ಟಿ ಸೀಯಗೊಡಲಿಲ್ಲ ಎಂಬುದು ಊರಿನ ಹೆಮ್ಮೆ, ಅವಳದೂ ಹೆಮ್ಮೆ. ಅಕ್ಷರ ಮಾತ್ರ ಒಂದೂ ಗೊತ್ತಿರಲಿಲ್ಲ. ಅವಳ ಬಾಲ್ಯದಲ್ಲಿ ಅಣ್ಣಂದಿರು ಶಾಲೆಗೆ ಹೋದರು, ಅವಳು ಮೇಕೆಗಳ ಹಿಂದೆ ಹೋದಳು. ಅದಕ್ಕೆ ಆಗಲೂ ಯಾರೂ ಬೇಸರ ಮಾಡಿಕೊಳ್ಳಲಿಲ್ಲ, ಅವಳೂ ಮಾಡಿಕೊಂಡಿರಲಿಲ್ಲ.

ಪುಸ್ತಕ ಕೈಗೆ ಬಂದ ಮೇಲೆ ಬೇಸರ ಶುರುವಾಯಿತು. ಮೇಕೆಯ ಚಿತ್ರದ ಕೆಳಗೆ ಬರೆದದ್ದು ಮೇಕೆ ಎಂದೇ ಇರಬೇಕಲ್ಲ. ಇಷ್ಟು ವರ್ಷ ಮೇಕೆ ಕಾಯ್ದವಳಿಗೆ ಕಾಗದದ ಮೇಲಿನ ಮೇಕೆ ಗುರುತು ಸಿಗದೆ ಹೋಯಿತಲ್ಲ ಎಂದು ಹೊಟ್ಟೆ ಉರಿಯಿತು. ಪಕ್ಕದ ಮನೆಯ ಸೊಸೆ ಎರ್ಮೆಲಿಂದಾ ಶಾಲೆ ಕಂಡವಳು. ಅವಳ ಹತ್ತಿರ ಗುಟ್ಟಾಗಿ ಹೋಗಿ, "ಇದೊಂದು ಓದಿ ತೋರಿಸು ಮಗಳೇ, ಊರಿಗೆಲ್ಲ ಸಾರಬೇಡ" ಎಂದಳು. ಎರ್ಮೆಲಿಂದಾ ಸಾರಲಿಲ್ಲ, ತನ್ನ ಅತ್ತೆಗೆ ಮಾತ್ರ ಹೇಳಿದಳು. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು.

ಎರ್ಮೆಲಿಂದಾ ಇನ್ನೊಂದು ಕೆಲಸವನ್ನೂ ಮಾಡಿದಳು. ಗ್ರಸಿಂದಾ ಅಜ್ಜಿ ಎತ್ತಿಕೊಂಡ ದಪ್ಪ ಪುಸ್ತಕ ಒಂದು ಕಾದಂಬರಿಯ ಮೊದಲ ಸಂಪುಟ, ಹಡಗಿನ ಕಪ್ತಾನನ ಮಗಳು ಲಿಯೊನೋರಳ ಕತೆ. ರೊಟ್ಟಿ ಬೇಯುವ ಹೊತ್ತಿನಲ್ಲಿ ಒಲೆಯ ಮುಂದೆ ಕೂತು ಅದನ್ನು ಗಟ್ಟಿಯಾಗಿ ಓದತೊಡಗಿದಳು. ಮೊದಲ ದಿನ ನಾಲ್ಕು ಹೆಂಗಸರಿದ್ದರು. ವಾರ ಕಳೆಯುವಷ್ಟರಲ್ಲಿ ರೊಟ್ಟಿ ಸುಡುವುದಿಲ್ಲದವರೂ ರೊಟ್ಟಿ ಹೊರುವ ಹಲಗೆಯನ್ನು ಖಾಲಿ ಹಿಡಿದುಕೊಂಡು ಬರತೊಡಗಿದರು. ಸಮುದ್ರ ನೋಡಿದವರು ಅವರಲ್ಲಿ ಒಬ್ಬರೂ ಇರಲಿಲ್ಲ. ಆದರೂ ಬಿರುಗಾಳಿ ಎದ್ದಾಗ ಎಲ್ಲರೂ ಬೆಂಚನ್ನು ಗಟ್ಟಿಯಾಗಿ ಹಿಡಿದುಕೊಂಡರು.

ಎವರಿಸ್ತು ಎರಡನೆಯ ಸಲ ಬಂದಾಗ ಊರವರು ಪುಸ್ತಕ ಹಿಂದಿರುಗಿಸಿದರು. ಬರಿದಾಗಿ ಅಲ್ಲ.

ಒಂದು ಪುಸ್ತಕದೊಳಗೆ ಒಣಗಿಸಿದ ಹಂದಿಮಾಂಸದ ತೆಳು ಹೋಳು ಇತ್ತು. ಇನ್ನೊಂದರಲ್ಲಿ ಒಣ ಅಂಜೂರ, ಹದಿನೈದು ಪುಟ ಒಂದಕ್ಕೊಂದು ಅಂಟಿಕೊಂಡಿದ್ದವು. ಕವನ ಸಂಕಲನವೊಂದರ ನಡುವೆ ಯಾರೋ ಪಾಪ ಒಂದು ಮೊಟ್ಟೆ ಸೇರಿಸಲು ನೋಡಿದ್ದರು. ಎವರಿಸ್ತು ಒಂದೊಂದನ್ನೇ ತೆರೆದ, ಒಂದೊಂದು ಸಲವೂ ಅವನ ಮುಖ ಇಷ್ಟಿಷ್ಟೇ ಬಿಳಿಚಿಕೊಂಡಿತು. ಹೆಂಗಸರು ಮಾತ್ರ ಹೊಗಳಿಕೆಗೆ ಕಾಯುತ್ತಾ ನಿಂತಿದ್ದರು.

"ಇದೇನಿದು?" ಎಂದ ಕೊನೆಗೆ.

"ನಮ್ಮ ಮನೇದೇ" ಎಂದಳು ಕಿತೇರಿಯಾ ಹೆಮ್ಮೆಯಿಂದ. "ಈ ವರ್ಷ ಹಂದಿ ಚೆನ್ನಾಗಿ ಬೆಳೆದಿತ್ತು."

ಎವರಿಸ್ತು ವ್ಯಾನಿನ ಮೆಟ್ಟಿಲ ಮೇಲೆ ಕುಸಿದು ಕೂತ. ಜೇಬಿನ ಬಟ್ಟೆ ತೆಗೆದು ಜಿಡ್ಡು ಒರೆಸಿದ. ಜಿಡ್ಡು ಇನ್ನಷ್ಟು ಹರಡಿತು. ಬೇರೆಯವನಾಗಿದ್ದರೆ ಬೈದು ವ್ಯಾನು ತಿರುಗಿಸಿಕೊಂಡು ಹೋಗುತ್ತಿದ್ದ. ಇವನು ಹಂದಿಮಾಂಸದ ಹೋಳನ್ನು ನೋಡಿದ, ಹೆಂಗಸರ ಮುಖ ನೋಡಿದ, ಹೋಳನ್ನು ಬಾಯಿಗೆ ಹಾಕಿಕೊಂಡ. "ಚೆನ್ನಾಗಿದೆ" ಎಂದ. ಆ ಮನುಷ್ಯನನ್ನು ಊರು ಮೆಚ್ಚಿಕೊಂಡದ್ದು ಆ ಗಳಿಗೆಯಲ್ಲಿ. ಅವನ ಓದಿಗಾಗಿ ಅಲ್ಲ, ನುಂಗಿದ್ದಕ್ಕೆ.

ಆದರೆ ಲಿಸ್ಬನ್ನಿಗೆ ನುಂಗುವ ಅಭ್ಯಾಸ ಇರಲಿಲ್ಲ. ಜಿಡ್ಡಾದ ಪುಸ್ತಕಗಳು ಅಲ್ಲಿಗೆ ಮುಟ್ಟಿದವು. ಚಳಿಗಾಲದ ಆರಂಭದಲ್ಲಿ ಎವರಿಸ್ತು ಮುಖ ಸಣ್ಣದು ಮಾಡಿಕೊಂಡು ಬಂದ. ಲಿಯೊನೋರಳ ಎರಡನೆಯ ಸಂಪುಟವನ್ನು ಎರ್ಮೆಲಿಂದಾಳ ಕೈಗೆ ಕೊಟ್ಟು, ಎಲ್ಲರನ್ನೂ ಹತ್ತಿರ ಕರೆದ.

"ಮುಂದಿನ ಸಲ ನನ್ನ ಜೊತೆ ಒಬ್ಬರು ಬರ್ತಾರೆ. ತಪಾಸಣೆಯವರು. ಪುಸ್ತಕಗಳನ್ನ ಒಂದೊಂದಾಗಿ ನೋಡ್ತಾರೆ. ಕೊಳೆ ಇದ್ರೆ ಈ ಊರನ್ನ ಪಟ್ಟಿಯಿಂದ ತೆಗೆದುಹಾಕ್ತಾರೆ. ವ್ಯಾನು ಬೇರೆ ಊರಿಗೆ ಹೋಗತ್ತೆ. ಕೇಳೋ ಊರುಗಳು ಬೇಕಾದಷ್ಟಿವೆ."

ಹೆಂಗಸರು ಇನ್ನೂ ಹತ್ತಿರ ಸರಿದರು.

"ಅದಕ್ಕೇ ಕೈ ಮುಗೀತೀನಿ, ಪುಸ್ತಕ ಬರಿದಾಗಿ ತನ್ನಿ. ಒಳಗೆ ಏನೂ ಇಡಬೇಡಿ."

ಕಿತೇರಿಯಾ ಅಷ್ಟರಲ್ಲಿ ಅರ್ಧ ಅಕ್ಷರಗಳನ್ನು ಕಲಿತಿದ್ದಳು. ಮೇಕೆ ಗೊತ್ತಾಗಿತ್ತು, ತೋಳ ಗೊತ್ತಾಗಿತ್ತು, ಎರಡಕ್ಷರದ ಮಾತುಗಳನ್ನು ತಡವರಿಸಿ ಕೂಡಿಸುತ್ತಿದ್ದಳು. ರೊಟ್ಟಿ ಅರ್ಧ ಬೆಂದಾಗ ಒಲೆ ಆರಿದರೆ ಅದು ಹಿಟ್ಟೂ ಅಲ್ಲ, ರೊಟ್ಟಿಯೂ ಅಲ್ಲ, ಹಂದಿಗೆ ಹಾಕಬೇಕು. ವ್ಯಾನು ನಿಂತುಹೋದರೆ ತನ್ನ ಓದಿಗೂ ಅದೇ ಗತಿಯಾಗುತ್ತದೆ ಎಂದು ಅವಳಿಗೆ ಸ್ಪಷ್ಟವಾಗಿ ಕಂಡಿತು. ಈ ವಯಸ್ಸಿನಲ್ಲಿ ಮತ್ತೆ ಯಾರು ಅವಳ ಬಾಗಿಲಿಗೆ ಪುಸ್ತಕ ತರುತ್ತಾರೆ.

ಆ ಸಂಜೆ ಒಲೆಯ ಮುಂದೆ ಕತೆ ನಡೆಯಲಿಲ್ಲ, ಪಂಚಾಯಿತಿ ನಡೆಯಿತು.

"ಬರಿದಾಗಿ ಕೊಡೋದು ಅಂದ್ರೇನು?" ಎಂದಳು ಗ್ರಸಿಂದಾ ಅಜ್ಜಿ. "ಅಷ್ಟು ದೂರದಿಂದ ಹೊತ್ಕೊಂಡು ಬರ್ತಾನೆ. ಇನ್ನು ಬರಬೇಡ ಅಂತ ಮುಖದ ಮೇಲೆ ಹೊಡೆದ ಹಾಗಲ್ವ?"

"ಒಳಗೆ ಇಟ್ಟು ಕೊಟ್ರೆ ವ್ಯಾನು ಬರಲ್ಲ, ಇಡದೇ ಕೊಟ್ರೆ ಬರಬೇಡ ಅಂದ ಹಾಗೆ" ಎಂದಳು ಎರ್ಮೆಲಿಂದಾ. "ಒಳ್ಳೇ ಪಜೀತಿ."

"ಜಿಡ್ಡಿಲ್ಲದ್ದು ಏನಾದ್ರೂ ಇಡೋಣ" ಎಂದ ಅಬೀಲ್ಯು. ಮಂಡಿನೋವಿನ ಮುದುಕ, ಬೆಚ್ಚಗಿರುತ್ತದೆಂದು ಹೆಂಗಸರ ನಡುವೆ ಬಂದು ಕೂರುವವನು. "ಒಂದು ಗುಕ್ಕು ಸಾರಾಯಿ."

"ಪುಸ್ತಕದೊಳಗೆ?"

"ಎವರಿಸ್ತು ಒಳಗೆ."

ಎಲ್ಲರೂ ನಕ್ಕರು. ಕಿತೇರಿಯಾ ನಗಲಿಲ್ಲ. ಅವಳು ಒಲೆಯ ಬಾಯಿಯ ಕಡೆ ನೋಡುತ್ತಾ ಯೋಚಿಸುತ್ತಿದ್ದಳು. ಪುಸ್ತಕದೊಳಗೆ ಇಟ್ಟರೆ ಕಲೆಯಾಗದ್ದು, ಎವರಿಸ್ತು ಹೊತ್ತುಕೊಂಡು ಹೋದರೂ ಭಾರವಾಗದ್ದು, ಊರಿನಲ್ಲಿ ಎಲ್ಲರ ಮನೆಯಲ್ಲೂ ಇರುವಂಥದ್ದು ಏನಿದೆ ಎಂದು. ಪುಸ್ತಕದೊಳಗೆ ಇರುವುದಾದರೂ ಏನು, ಮಾತು ತಾನೆ.

"ಮಾತು ಕೊಡೋಣ" ಎಂದಳು. "ಅವರು ಕತೆ ಕೊಟ್ಟಿದಾರೆ. ಪುಸ್ತಕ ವಾಪಸ್ ಕೊಡೋವಾಗ ಒಬ್ಬೊಬ್ಬರೂ ಒಂದು ಕತೆ ಹೇಳಿ ಕೊಡೋಣ. ಪುಸ್ತಕ ಚೊಕ್ಕಟ ಇರತ್ತೆ, ಕೈ ಬರಿದಾಗಿರಲ್ಲ."

ಸ್ವಲ್ಪ ಹೊತ್ತು ಎಲ್ಲರೂ ಅದನ್ನು ನಾಲಿಗೆಯ ಮೇಲೆ ಇಟ್ಟುಕೊಂಡು ರುಚಿ ನೋಡಿದರು. "ನನ್ನ ಹತ್ರ ಗಿರಣಿಗೆ ಬಂದ ತೋಳದ ಕತೆ ಇದೆ" ಎಂದ ಅಬೀಲ್ಯು. "ಅದು ನನ್ನಪ್ಪಂದು, ನೀನು ಮುಟ್ಟಬೇಡ" ಎಂದಳು ಇನ್ನೊಬ್ಬಳು. ಅಲ್ಲಿಗೆ ತೀರ್ಮಾನವಾಯಿತು. ಗ್ರಸಿಂದಾ ಅಜ್ಜಿ ಮಾತ್ರ ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಅವಳಿಗೆ ಆಗಲೇ ಬೇರೆ ಚಿಂತೆ ಹತ್ತಿತ್ತು. ಮೊದಲ ಸಂಪುಟದ ಕೊನೆಯಲ್ಲಿ ಲಿಯೊನೋರಳ ಹಡಗು ದಿಕ್ಕು ತಪ್ಪಿತ್ತು.

ತಪಾಸಣೆಯ ದಿನ ಮೊದಲು ವ್ಯಾನು ಬಂತು, ಅದರ ಹಿಂದೆ ಒಂದು ಕಪ್ಪು ಕಾರು ಬಂತು. ಕಾರಿನ ಮುಂಭಾಗದಿಂದ ಕುದಿಯುವ ಸಾರಿನ ಹಾಗೆ ಹಬೆ ಏಳುತ್ತಿತ್ತು. ಇಳಿದವರು ಉದ್ದನೆಯ ಕೋಟಿನ ದೊತೋರ್ ಸರ್ಮೆಂತು. ದೊತೋರ್ ಎಂದರೆ ನಮ್ಮಲ್ಲಿ ಕಾಲೇಜು ಓದಿದವರಿಗೆಲ್ಲ ಮರ್ಯಾದೆಗೆ ಹಚ್ಚುವ ಮಾತು, ಔಷಧ ಕೊಡುವವರೇ ಆಗಬೇಕಿಲ್ಲ. ಅಬೀಲ್ಯುವಿಗೆ ಇದು ಗೊತ್ತಿರಲಿಲ್ಲವೋ, ಗೊತ್ತಿದ್ದೂ ಒಂದು ಕೈ ನೋಡೋಣ ಎಂದುಕೊಂಡನೋ, ನೇರವಾಗಿ ಹೋಗಿ ಪ್ಯಾಂಟು ಮೇಲೆತ್ತಿ ಮಂಡಿ ತೋರಿಸಿದ.

"ಮಳೆಗೆ ಮುಂಚೆ ಜಾಸ್ತಿ ನೋಯತ್ತೆ ದೊತೋರ್."

"ನಾನು ಗ್ರಂಥಾಲಯದವನು" ಎಂದರು ಅವರು ಗಂಭೀರವಾಗಿ.

"ಇರಲಿ, ನೋಡೋದಕ್ಕೇನು."

ದೊತೋರ್ ನೋಡಿದರು. ಆಮೇಲೆ ಕಾರಿಗೆ ನೀರು ಬೇಕೆಂದು ಕೇಳಿದರು. ಕಿತೇರಿಯಾ ತನ್ನ ತಗಡಿನ ಬಕೆಟ್ಟು ತುಂಬಿಸಿ ತಂದುಕೊಟ್ಟಳು. ಕಾರು ಅಷ್ಟನ್ನೂ ಕುಡಿದು, ಕೆಳಗಿನಿಂದ ತೊಟ್ಟಿಕ್ಕತೊಡಗಿತು.

ವ್ಯಾನಿನ ಬಾಗಿಲು ತೆರೆಯಿತು. ದೊತೋರ್ ಪುಟ್ಟ ಮಡಿಸುವ ಕುರ್ಚಿ ಹಾಕಿಕೊಂಡು ಕೂತರು. ಕಿತೇರಿಯಾ ಮೊದಲು ಹೋದಳು. ಪ್ರತಿ ಸಲವೂ ಮತ್ತೆ ಕೇಳಿ ತೆಗೆದುಕೊಂಡಿದ್ದ ಪ್ರಾಣಿಗಳ ಪುಸ್ತಕವನ್ನು ಎವರಿಸ್ತುವಿನ ಕೈಗಿಟ್ಟು, ಗಂಟಲು ಸರಿಮಾಡಿಕೊಂಡು, ಹಿಮ ಬೀಳುವ ಹಿಂದಿನ ದಿನ ಮೇಕೆಗಳು ಯಾಕೆ ಮನೆಯ ಕಡೆ ಮುಖ ಮಾಡಿ ಮಲಗುತ್ತವೆ ಎಂಬ ಕತೆ ಹೇಳಿದಳು. ಅದನ್ನು ಅವಳಿಗೆ ಹೇಳಿದ್ದು ಅವಳ ಅಜ್ಜಿ. ಎವರಿಸ್ತು ಬೆರಗಾಗಿ ಬಾಯಿ ಬಿಟ್ಟುಕೊಂಡು ಕೇಳಿದ.

"ಇದೇನು?" ಎಂದರು ದೊತೋರ್.

"ಬರಿದಾಗಿ ಕೊಡಬಾರದಲ್ಲ ಸ್ವಾಮಿ, ಅದಕ್ಕೆ" ಎಂದಳು ಕಿತೇರಿಯಾ.

ಅಲ್ಲಿಂದ ಸಾಲು ಹಿಡಿಯಿತು. ಗಿರಣಿಯ ತೋಳ ಬಂತು, ಅದು ಯಾರಪ್ಪಂದು ಎಂಬ ಜಗಳವೂ ಬಂತು. ಕಲ್ಲಾದ ಮದುವಣಗಿತ್ತಿ ಬಂದಳು. ದೊತೋರ್ ಮೊದಮೊದಲು ಕೈಗಡಿಯಾರ ನೋಡಿದರು. ಆಮೇಲೆ ನೋಡುವುದನ್ನು ಬಿಟ್ಟರು. ಎರಡು ಗಂಟೆ ಹೊತ್ತಾದರೂ ಸಾಲು ಅರ್ಧ ಕರಗಿರಲಿಲ್ಲ, ಅವರ ಕುರ್ಚಿ ತಾನಾಗಿಯೇ ಒಲೆಯ ಕಡೆಗೆ ಸರಿದಿತ್ತು. ಪುಸ್ತಕಗಳೆಲ್ಲ ಚೊಕ್ಕಟವಾಗಿದ್ದವು. ಎವರಿಸ್ತುವಿನ ಮುಖಕ್ಕೆ ಬಣ್ಣ ಮರಳುತ್ತಿತ್ತು. ಕಿತೇರಿಯಾ ಮನಸ್ಸಿನಲ್ಲೇ ಸಂತ ಅಂತೋನಿಗೆ ಒಂದು ಮೇಣದಬತ್ತಿಯ ಹರಕೆ ಹೇಳಿಕೊಂಡಳು.

ಕೊನೆಯದಾಗಿ ಲಿಯೊನೋರಳ ಎರಡನೆಯ ಸಂಪುಟ ಬಂತು. ತಂದವಳು ಗ್ರಸಿಂದಾ ಅಜ್ಜಿ. ದೊತೋರ್ ಅದನ್ನು ತೆರೆದರು. ಪುಸ್ತಕ ತಾನಾಗಿಯೇ ಕೊನೆಯ ಅಧ್ಯಾಯದಲ್ಲಿ ಬಿಚ್ಚಿಕೊಂಡಿತು, ಯಾಕೆಂದರೆ ಅಲ್ಲಿ ಅಚ್ಚುಕಟ್ಟಾಗಿ ಒಂದು ಸಾಸೇಜಿನ ತುಂಡು ಇತ್ತು. ಕೆಂಪು ಎಣ್ಣೆ ಎರಡು ಪುಟಕ್ಕೂ ಇಳಿದಿತ್ತು.

ಎವರಿಸ್ತು ಕಣ್ಣು ಮುಚ್ಚಿಕೊಂಡ.

"ಅಜ್ಜಿ" ಎಂದಳು ಕಿತೇರಿಯಾ. "ಇಡಬಾರದು ಅಂತ ಹೇಳಿದ್ವಲ್ಲ."

"ಅದು ಇವರಿಗಲ್ಲ" ಎಂದಳು ಅಜ್ಜಿ ಸಿಡುಕಿ. "ಲಿಯೊನೋರಳಿಗೆ. ಹಡಗು ಒಡೆದು ಮೂರು ದಿನ ಆಯ್ತು, ಕಂಬ ತಬ್ಕೊಂಡು ನೀರಲ್ಲಿದಾಳೆ, ಹೊಟ್ಟೆಗೆ ಏನೂ ಇಲ್ಲ. ಪುಸ್ತಕ ಬರೆದೋನಿಗೆ ಕರುಣೆ ಇಲ್ಲ. ನಾವೂ ನೋಡ್ಕೊಂಡು ಸುಮ್ನೆ ಇರಬೇಕಾ?"

ದೊತೋರ್ ಸರ್ಮೆಂತು ಅಜ್ಜಿಯನ್ನು ನೋಡಿದರು. ಅವರ ಮುಖದಲ್ಲಿ ಏನೋ ಅಲುಗಿತು, ಕೋಪವೋ ಇನ್ನೇನೋ ತಿಳಿಯಲಿಲ್ಲ. ಪುಸ್ತಕವನ್ನು ಮುಚ್ಚಿ ಮಡಿಲಲ್ಲಿ ಇಟ್ಟುಕೊಂಡರು.

"ಈ ಕತೆ ನೀವು ಓದಿದೀರಾ ದೊತೋರ್?" ಎಂದಳು ಎರ್ಮೆಲಿಂದಾ ಮೆಲ್ಲಗೆ.

"ಹುಡುಗನಾಗಿದ್ದಾಗ."

"ಹಂಗಾದ್ರೆ ಹೇಳಿ, ಆ ಹುಡುಗಿ ಬದುಕಿದಳಾ? ಮೂರನೇ ಸಂಪುಟ ವ್ಯಾನಲ್ಲಿಲ್ಲ. ಎಲ್ಲೋ ಯಾರೋ ತಗೊಂಡು ವಾಪಸ್ ಕೊಟ್ಟಿಲ್ವಂತೆ."

ಎಲ್ಲರ ಕಣ್ಣೂ ಅವರ ಬಾಯಿಯ ಮೇಲಿತ್ತು. ದೊತೋರ್ ಬಾಯಿ ತೆರೆದರು, ಮತ್ತೆ ಮುಚ್ಚಿದರು. "ಅದು ನಾನು ಹೇಳೋದಲ್ಲ" ಎಂದರು.

ಈ ಮಾತಿಗೆ ಊರು ಅವರನ್ನು ತಿಂಗಳಿಡೀ ಬೈಯಿತು. ಸಾಸೇಜು ಕಂಡುಹಿಡಿದದ್ದನ್ನಾದರೂ ಕ್ಷಮಿಸಬಹುದು, ಇದನ್ನು ಕ್ಷಮಿಸಲಾಗದು ಎಂದಿತು. ನನ್ನನ್ನು ಕೇಳಿದರೆ ಆ ದಿನ ಅವರು ಮಾಡಿದ ಒಳ್ಳೆಯ ಕೆಲಸ ಅದೇ. ಬೇರೆಯವರ ಕತೆಯ ಕೊನೆಯನ್ನು ಬಾಯಿಗೆ ಬಂದರೂ ನುಂಗಿಕೊಳ್ಳುವವನು ಗ್ರಂಥಾಲಯದ ಮನುಷ್ಯ. ಎವರಿಸ್ತು ಹಂದಿಮಾಂಸ ನುಂಗಿದ್ದಕ್ಕಿಂತ ಇದು ಕಷ್ಟದ್ದು.

ಹೊರಡುವಾಗ ಕಿತೇರಿಯಾ ಅವರ ಕಾರಿನವರೆಗೂ ಹೋದಳು. ಬೇಡಿಕೊಳ್ಳುವುದು ಅವಳಿಗೆ ಬಾರದು. ಆದರೂ ಹೇಳಿದಳು.

"ಅಜ್ಜೀನ ತಪ್ಪು ತಿಳ್ಕೋಬೇಡಿ. ನಮ್ಮಲ್ಲಿ ಎರವಲು ತಂದಿದ್ದನ್ನ ಬರಿದಾಗಿ ಕೊಟ್ರೆ, ನಿಮಗೂ ನಮಗೂ ಋಣ ಹರೀತು ಅಂತ. ಏನಾದ್ರೂ ಇಟ್ಟುಕೊಟ್ರೆ ಇನ್ನೂ ಬನ್ನಿ ಅಂತ. ನಾವು ಪುಸ್ತಕ ಹಾಳು ಮಾಡಿಲ್ಲ ಸ್ವಾಮಿ. ಇನ್ನೂ ಬನ್ನಿ ಅಂತ ಹೇಳಿದ್ದು, ಅಷ್ಟೇ."

"ನಿಯಮ ಅಂತ ಒಂದಿದೆಯಲ್ಲ" ಎಂದರು ಅವರು. ಕಾರಿನ ಕೆಳಗೆ ನೋಡಿದರು, ಅದು ಇನ್ನೂ ತೊಟ್ಟಿಕ್ಕುತ್ತಿತ್ತು. "ಈ ಬಕೆಟ್ಟು ತಗೊಂಡು ಹೋಗಬಹುದಾ? ದಾರಿಯಲ್ಲಿ ಮತ್ತೆ ನೀರು ಬೇಕಾಗತ್ತೆ. ಎವರಿಸ್ತು ಜೊತೆ ವಾಪಸ್ ಕಳಿಸ್ತೀನಿ."

ಕಿತೇರಿಯಾ ಬಕೆಟ್ಟು ತುಂಬಿಸಿ ಕೊಟ್ಟಳು. ಕಪ್ಪು ಕಾರು ತಿರುವಿನಲ್ಲಿ ಮರೆಯಾದ ಮೇಲೆ ಅಬೀಲ್ಯು ಹೇಳಿದ, "ಗೊತ್ತಾಯ್ತಲ್ಲ? ಬಕೆಟ್ಟು ಹೇಗೆ ಬರತ್ತೋ ವ್ಯಾನಿನ ತೀರ್ಪೂ ಹಾಗೆ."

ಆ ತಿಂಗಳು ಊರಿನಲ್ಲಿ ಬಕೆಟ್ಟಿನ ಮಾತು ಬಿಟ್ಟು ಬೇರೆ ಮಾತಿರಲಿಲ್ಲ. ಲಿಸ್ಬನ್ನಿನವರಿಗೆ ಇಂಥದ್ದೆಲ್ಲ ತಲೆಗೆ ಹತ್ತುವುದಿಲ್ಲ, ಬರಿದಾಗಿಯೇ ಬರುತ್ತದೆ ಎಂದು ಅರ್ಧ ಊರು ಹೇಳಿತು. ಬಕೆಟ್ಟೇ ಬರುವುದಿಲ್ಲ ಎಂದು ಇನ್ನರ್ಧ ಹೇಳಿತು. ಗ್ರಸಿಂದಾ ಅಜ್ಜಿ ಒಲೆಯ ಹತ್ತಿರ ಬರುವುದನ್ನೇ ಬಿಟ್ಟಳು. ಅವಳ ಬಿಸಿ ಕಲ್ಲಿನ ಮೇಲೆ ಯಾರೂ ಕೂರಲಿಲ್ಲ. ಕೊನೆಗೆ ಕಿತೇರಿಯಾ ತಾನೇ ಹೋಗಿ ಅವಳ ಬಾಗಿಲು ಬಡಿದಳು.

"ಏನೇ, ಬೈಯೋಕೆ ಬಂದ್ಯಾ?"

"ಹೂಂ. ಬೈದು ಆಯ್ತು, ಈಗ ಬಾ. ಕಲ್ಲು ತಣ್ಣಗಾಗಿದೆ."

"ನಿನ್ನ ಅಕ್ಷರ ನಾನು ಹಾಳು ಮಾಡಿದೆ ಕಣೇ."

ಕಿತೇರಿಯಾಗೆ ಅಳು ಬಂತು. ಅತ್ತಳು. ಅಜ್ಜಿಯ ಮೇಲೆ ಸಿಟ್ಟಿತ್ತು, ನಿಜವಾಗಿಯೂ ಇತ್ತು. ಆದರೆ ಕಾಗದದ ಮೇಲಿನ ಹುಡುಗಿಗೆ ಹಸಿವಾಗುತ್ತದೆ ಎಂದು ನಂಬಿದ ಮುದುಕಿಯ ಮೇಲೆ ಎಷ್ಟು ಹೊತ್ತು ಸಿಟ್ಟು ಇಟ್ಟುಕೊಳ್ಳಲಾದೀತು. ತಾನು ಅಕ್ಷರ ಅಕ್ಷರ ಕೂಡಿಸಿ ಹೋಗಬೇಕೆಂದಿದ್ದ ಜಾಗಕ್ಕೆ ಈ ಅಜ್ಜಿ ಒಂದಕ್ಷರ ಬಾರದೆ ಮೊದಲೇ ಹೋಗಿ ಕೂತಿದ್ದಳು.

ಪ್ರಾಣಿಗಳ ಪುಸ್ತಕ ಹೋಗಿತ್ತು, ತೀರ್ಮಾನವಾಗುವವರೆಗೆ ಬೇರೆ ಪುಸ್ತಕವನ್ನೂ ಕೊಟ್ಟಿರಲಿಲ್ಲ. ಆದರೂ ಕಿತೇರಿಯಾ ಬಿಡಲಿಲ್ಲ. ಎರ್ಮೆಲಿಂದಾ ಒಲೆಯ ಬೂದಿ ಹರಡಿ ಕಡ್ಡಿಯಿಂದ ಬರೆದಳು, ಇವಳು ಓದಿದಳು. ಉಳಿದ ಅಕ್ಷರಗಳನ್ನು ಬೂದಿಯಲ್ಲೇ ಕಲಿತಳು. ವ್ಯಾನು ಬಾರದೇ ಹೋದರೆ ಓದಲಿಕ್ಕೆ ಏನೂ ಇರುವುದಿಲ್ಲ ಎಂಬುದು ಗೊತ್ತಿದ್ದೂ ಕಲಿತಳು.

ವ್ಯಾನಿನ ದಿನ ಬಂತು. ಒಲೆಯೊಳಗೆ ಊರಿನ ರೊಟ್ಟಿ ಇತ್ತು. ಯಾರೂ ಕಾಯುತ್ತಿಲ್ಲ ಎಂಬಂತೆ ಎಲ್ಲರೂ ಅಲ್ಲೇ ಸುತ್ತಾಡುತ್ತಿದ್ದರು. ಮಧ್ಯಾಹ್ನ ಸರಿಯಿತು. ಆಮೇಲೆ ಕೆಳಗಿನ ತಿರುವಿನಿಂದ ಆ ಏದುಸಿರು ಕೇಳಿಸಿತು.

ಎವರಿಸ್ತು ಇಳಿದ. ಪಕ್ಕೆಯ ಬಾಗಿಲು ತೆರೆಯಲಿಲ್ಲ. ಮುಂದಿನ ಸೀಟಿನಿಂದ ಬಕೆಟ್ಟು ಎತ್ತಿಕೊಂಡ. ಬಾಯಿಗೆ ಬಿಳಿ ಬಟ್ಟೆ ಕಟ್ಟಿತ್ತು.

"ವ್ಯಾನು ಬರತ್ತಾ, ಇಲ್ವಾ?" ಎಂದ ಅಬೀಲ್ಯು. "ಮೊದಲು ಅದು ಹೇಳು."

"ನನಗೆ ಗೊತ್ತಿಲ್ಲ ಮಾರಾಯ" ಎಂದ ಎವರಿಸ್ತು. "ನಾನೂ ಕೇಳಿದೆ. ಫೊಂತೇಲ್ಯಾ ಉಳೀತಾ ಅಂತ. ದೊತೋರ್ ಏನೂ ಹೇಳಲಿಲ್ಲ. ಬಕೆಟ್ಟನ್ನ ಆ ಹೆಂಗಸಿನ ಕೈಗೆ ಕೊಡು, ಅವಳಿಗೆ ಗೊತ್ತಾಗತ್ತೆ ಅಂದ್ರು. ಬಿಚ್ಚಿ ನೋಡಬೇಡ ಅಂದ್ರು. ನೋಡಿಲ್ಲ, ದೇವರಾಣೆ."

ಕಿತೇರಿಯಾ ಬಕೆಟ್ಟು ಹಿಡಿದುಕೊಂಡಳು. ಭಾರವಾಗಿತ್ತು. ಆ ಭಾರ ಕೈಗೆ ಬಂದ ಕೂಡಲೇ ಅವಳ ಕಣ್ಣು ತುಂಬಿತು, ಇನ್ನು ಬಟ್ಟೆ ಬಿಚ್ಚಬೇಕಾಗಿಯೇ ಇರಲಿಲ್ಲ. ಆದರೂ ಬಿಚ್ಚಿದಳು.

ಕಿತ್ತಳೆ ಹಣ್ಣು. ಎಲೆಯ ಸಮೇತ ಕಿತ್ತ, ದಕ್ಷಿಣದ ಬಿಸಿಲಿನ ಕಿತ್ತಳೆ, ಬಕೆಟ್ಟಿನ ಅಂಚಿನವರೆಗೆ. ನಮ್ಮ ಬೆಟ್ಟದ ಚಳಿಯಲ್ಲಿ ಆ ಗಿಡ ಬದುಕುವುದಿಲ್ಲ. ವಾಸನೆ ಒಲೆಯ ಹೊಗೆಯನ್ನೂ ಹಿಂದೆ ಹಾಕಿ ಅಂಗಳಕ್ಕೆಲ್ಲ ಹರಡಿತು. ಹೆಂಗಸರು ಒಂದೊಂದೇ ಎತ್ತಿ ಮಡಿಲಿಗೆ ಹಾಕಿಕೊಂಡರು. ತಳಕ್ಕೆ ಹೋಗುತ್ತಿದ್ದಂತೆ ಏನೋ ಗಟ್ಟಿಯಾದದ್ದು ಸಿಕ್ಕಿತು. ಒಂದು ಪುಸ್ತಕ. ಅದರ ಮೇಲೆ ಒಂದು ಹಣ್ಣು ಒಡೆದು, ರಟ್ಟಿನ ಮೇಲೆಲ್ಲ ರಸ ಇಳಿದು, ಪುಟಗಳ ಅಂಚು ಹಳದಿಯಾಗಿ ಉಬ್ಬಿಕೊಂಡಿತ್ತು.

ಎವರಿಸ್ತು ತಲೆ ಚಚ್ಚಿಕೊಂಡ. "ಇವರಿಗೆ ಬುದ್ಧಿ ಬೇಡವಾ? ಹಣ್ಣಿನ ಕೆಳಗೆ ಯಾರಾದ್ರೂ ಪುಸ್ತಕ ಇಡ್ತಾರಾ? ಊರೂರಿಗೆ ಹೋಗಿ ತಪಾಸಣೆ ಮಾಡೋ ಮನುಷ್ಯ" ಎನ್ನುತ್ತಾ ಜೇಬಿನ ಬಟ್ಟೆ ತೆಗೆದು ಒರೆಸಲು ಶುರು ಮಾಡಿದ. ಮೊದಲ ಪುಟ ತಿರುಗಿಸಿದವನು ಹಾಗೇ ನಿಂತ. ಗ್ರಂಥಾಲಯದ ಮೊಹರು ಹುಡುಕಿದ. ಇರಲಿಲ್ಲ. ಮೂಲೆಯಲ್ಲಿ ಮಾಸಿದ ಶಾಯಿಯಲ್ಲಿ, ಒಬ್ಬ ಹುಡುಗನ ದುಂಡು ಅಕ್ಷರದಲ್ಲಿ ಸರ್ಮೆಂತು ಎಂದು ಬರೆದಿತ್ತು.

"ಇದು ನಮ್ಮದಲ್ಲ" ಎಂದ ಎವರಿಸ್ತು ನಿಧಾನವಾಗಿ. "ಇದು ಅವರ ಸ್ವಂತದ್ದು. ಅವರ ಮನೆಯದು."

ಪುಸ್ತಕವನ್ನು ಕಿತೇರಿಯಾಳ ಕೈಗೆ ಕೊಟ್ಟ. ಆಮೇಲೆ ಹೋಗಿ ವ್ಯಾನಿನ ಪಕ್ಕೆಯ ಬಾಗಿಲನ್ನು ಎತ್ತಿ ನಿಲ್ಲಿಸಿದ.

ಕಿತೇರಿಯಾ ರಟ್ಟಿನ ಮೇಲೆ ಬೆರಳಿಟ್ಟಳು. ಬೂದಿಯಲ್ಲಿ ಕಂಡ ಅಕ್ಷರಗಳೇ, ಇಲ್ಲಿ ಚಿನ್ನದ ಬಣ್ಣದಲ್ಲಿ ಇದ್ದವು. "ಲಿ" ಎಂದಳು. "ಲಿ... ಯೊ..." ಬೆರಳು ಮುಂದೆ ಸರಿಯಿತು. "ಲಿಯೊನೋರ್. ಮೂ... ಮೂರು."

"ಮೂರನೇದು" ಎಂದಳು ಎರ್ಮೆಲಿಂದಾ, ಕೈ ಚಾಚಿ. ಆಮೇಲೆ ಏನನ್ನಿಸಿತೋ, ಕೈ ಹಿಂದಕ್ಕೆ ತೆಗೆದುಕೊಂಡಳು. "ನೀನೇ ಓದಮ್ಮ."

"ನನಗೆ ಆಗಲ್ಲ. ನಿಧಾನ ಆಗತ್ತೆ."

"ಅವಳು ನೀರಲ್ಲೇ ಇದಾಳೆ ತಾನೆ, ಇಷ್ಟು ದಿನ ಕಾದಿದಾಳೆ" ಎಂದಳು ಗ್ರಸಿಂದಾ ಅಜ್ಜಿ ತನ್ನ ಕಲ್ಲಿನ ಮೇಲೆ ಕೂತು, ಕಿತ್ತಳೆ ಸುಲಿಯುತ್ತಾ. "ಓದು. ಹಣ್ಣು ಕಳಿಸಿದಾರಲ್ಲ, ಇನ್ನು ಭಯವಿಲ್ಲ."

ಕಿತೇರಿಯಾ ಒಲೆಯ ಮುಂದಿನ ಬೆಂಚಿನ ಮೇಲೆ ಕೂತಳು. ಎದುರಿಗೆ ಕೂತವರಲ್ಲಿ ಹಿರಿಯರೆಲ್ಲ ಅವಳನ್ನು ಹುಟ್ಟಿದಾಗಿನಿಂದ ಬಲ್ಲವರು, ಮೇಕೆಗಳ ಹಿಂದೆ ಓಡುತ್ತಿದ್ದ ಹುಡುಗಿಯನ್ನು ಬಲ್ಲವರು. ಮೊದಲ ಸಾಲಿನ ಮೊದಲ ಮಾತಿನ ಮೇಲೆ ಬೆರಳಿಟ್ಟು ಓದಿದಳು. ಒಂದು ಮಾತಾದ ಮೇಲೆ ಇನ್ನೊಂದು ಮಾತು ಬರಲು ಉಸಿರು ಹಿಡಿಯುವಷ್ಟು ಹೊತ್ತಾಗುತ್ತಿತ್ತು. ಯಾರೂ ಅವಸರ ಮಾಡಲಿಲ್ಲ, ಯಾರೂ ಮುಂದಿನ ಮಾತು ಎತ್ತಿಕೊಡಲಿಲ್ಲ. ಎವರಿಸ್ತು ವ್ಯಾನಿನ ಮೆಟ್ಟಿಲ ಮೇಲೆ ಕೂತು ಬಟ್ಟೆಯನ್ನು ಕೈಯಲ್ಲಿ ಹಿಂಡುತ್ತಿದ್ದ. ಮೊದಲ ಸಾಲು ಮುಗಿಯಿತು. ಎರಡನೆಯದಕ್ಕೆ ಹೋದಳು. ಆ ಪುಟದ ಕೊನೆಯ ಸಾಲಿನಲ್ಲಿ ಲಿಯೊನೋರಳ ಕಾಲಿಗೆ ಮರಳು ತಗುಲಿತು.

ಆಗಲೇ ಎಲ್ಲರಿಗೂ ವಾಸನೆ ಬಂದದ್ದು. ಒಲೆಯೊಳಗಿನ ಊರಿನ ರೊಟ್ಟಿಯೆಲ್ಲ ಸೀದು ಕರಕಲಾಗಿತ್ತು. ಆ ವಾರ ಫೊಂತೇಲ್ಯಾ ಕರಿ ರೊಟ್ಟಿಯನ್ನು ಕೆರೆದು ಕೆರೆದು ಕಿತ್ತಳೆಯ ಜೊತೆ ತಿಂದಿತು, ಒಬ್ಬರೂ ಕಿತೇರಿಯಾಳನ್ನು ಬೈಯಲಿಲ್ಲ.